ಹೊಸ ಸ್ಪೀಕರಿನಲ್ಲೂ ಅದೇ ಗರಗರ

“ತ್ಯಾಪಿ ಹಚ್ಚಿದ್ರೂ ಗರಗರ ಅನ್ಲಿಕತ್ತದ, ಉಸ್ತಾದ್. ಇದನ್ನ ತೆಗೆದು ಹೊಸಾದೇ ಹಾಕ್ರಿ,” ಎಂದು ಸಂಗಣ್ಣ ತನ್ನ ಟ್ಯಾಕ್ಸಿಯ ಬಾಗಿಲಿಗೆ ಗುದ್ದಿದ. ಹಿಂದಿನ ಸೀಟಿನ ಮೇಲಿದ್ದ ದೊಡ್ಡ ಸ್ಪೀಕರಿನ ಹರಿದ ಕಾಗದದ ಪರದೆಗೆ ರೇಡಿಯೋ ರಿಪೇರಿಯ ಅಮೀರ್ ಅಲಿ ಗಾಳಿಪಟದ ಹಾಳೆ ಅಂಟಿಸಿದ್ದರು. ಅವರಿಗೆ ಹಾಡು ಸ್ವಚ್ಛವಾಗಿ ಕೇಳುತ್ತಿತ್ತು. ಆದರೂ ಹೊಸ ಸ್ಪೀಕರಿಗೆ ತಂತಿ ಸಿಕ್ಕಿಸಿದರು.

“ಇದೂ ಹಂಗೇ ಅದ. ಎಂಥಾ ಮಾಲ್ ಇಟ್ಟೀರಿ ನೀವು?”

ಶಹಾಬಾದಿನ ಕಲ್ಲುಗಣಿಯಲ್ಲಿ ಸಂಗಣ್ಣ ವರ್ಷಗಟ್ಟಲೆ ಸಿಡಿಮದ್ದಿನ ಬತ್ತಿಗೆ ಬೆಂಕಿ ಇಟ್ಟವನು. ಉಳಿದವರೆಲ್ಲ ದೂರ ಓಡಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವನು ಮುಚ್ಚಿಕೊಳ್ಳುವಂತಿರಲಿಲ್ಲ. ಎಷ್ಟು ಸಿಡಿದವು ಎಂದು ಎಣಿಸುವವನು ಅವನೇ; ಒಂದು ಸಿಡಿಯದೆ ಉಳಿದದ್ದು ತಿಳಿಯದೆ ಹೋದರೆ, ಕಲ್ಲು ತೆಗೆಯಲು ಇಳಿದವರು ಸಾಯುತ್ತಿದ್ದರು. ಅವನಿದ್ದಷ್ಟು ಕಾಲ ಯಾರೂ ಸಾಯಲಿಲ್ಲ. ಇನ್ನು ಹಾಡು ಕೇಳಿಕೊಂಡು ದಿನ ಕಳೆಯಬೇಕೆಂದೇ ಗಣಿ ಬಿಟ್ಟು ಟ್ಯಾಕ್ಸಿ ಓಡಿಸತೊಡಗಿದ್ದ.

ಅಮೀರ್ ಅಲಿ ಬ್ಯಾಟರಿಯ ತಂತಿ ಕಿತ್ತರು. ಹಾಡು ನಿಂತಿತು. “ಈಗ?”

ಸಂಗಣ್ಣ ಸ್ಪೀಕರಿನತ್ತ ಕತ್ತು ವಾಲಿಸಿದ. “ಗರಗರ ಹಂಗೇ ಅದಲ್ರಿ,” ಎಂದವನು ಅವರ ಕೈಯಲ್ಲಿದ್ದ ತಂತಿ ನೋಡಿ ತಡವರಿಸಿದ. “ಅದು... ಸಿಮೆಂಟ್ ಫ್ಯಾಕ್ಟರಿ ಸಪ್ಪಳ ಇರಬೇಕ್ರಿ. ಮಲಗಿದಾಗೂ ಕೇಳ್ತದ.”

“ಹರತಾಳ ನಡದದಲ್ಲಪ್ಪಾ,” ಅಮೀರ್ ಅಲಿಯ ದನಿ ಇಳಿಯಿತು. “ಫ್ಯಾಕ್ಟರಿ ವಾರದಿಂದ ಬಂದ್ ಅದ.”

ಸಂಗಣ್ಣ ಮೊದಲ ಸಲ ಎರಡೂ ಕಿವಿ ಮುಚ್ಚಿಕೊಂಡ. ಗರಗರ ಇನ್ನೂ ಜೋರಾಯಿತು.