ಮುಚ್ಚಳದ ತಿರುಪು

ಪ್ಲಗ್ ಕಳಚಿ ಒರೆಸಿದ್ದಾಯಿತು, ಕಾರ್ಬುರೇಟರ್ ಬಿಚ್ಚಿ ಊದಿದ್ದಾಯಿತು. ಆದರೂ ದೋಣಿಯ ಮೋಟಾರು ಅರ್ಧ ವೇಗ ದಾಟಿದೊಡನೆ ಕೆಮ್ಮಿ ಸೊರಗುತ್ತಿತ್ತು. ಒಡ್ವಾರನಿಗೆ ಮೋಟಾರಿಗಿಂತ ಹೆಚ್ಚು ಅಸಹ್ಯವೆನಿಸಿದವನು ಬಿಳಿ ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ನಿಂತಿದ್ದ ಹೆನ್ನಿಂಗ್. ತನ್ನ ಅಪ್ಪನ ಕಾಲದ ದೋಣಿಯನ್ನು ಓಸ್ಲೋದ ಈ ಪೇಟೆಯವನಿಗೆ ಮಾರಿದ್ದು ಒಡ್ವಾರನೇ.

"ಏನ್ ಮಾಡಿದ್ಯಪ್ಪಾ ಇದಕ್ಕೆ? ಕಾಫಿ ಮಷೀನು ಅಂದ್ಕೊಂಡ್ಯಾ?"

"ನಾನೇನೂ ಮಾಡಿಲ್ಲ. ಮೊನ್ನೆ ಚೆನ್ನಾಗೇ ಓಡ್ತಿತ್ತು."

"ಮಾಡೋಕೆ ಗೊತ್ತಿದ್ರೆ ತಾನೆ."

ಆಗ ಒಡ್ವಾರನ ಕಣ್ಣು ಮೋಟಾರಿಗೆ ಕೊಳವೆಯಿಂದ ಜೋಡಿಸಿದ್ದ ಪೆಟ್ರೋಲ್ ಡಬ್ಬದ ಮೇಲೆ ಬಿತ್ತು. ಅದರ ಪಕ್ಕಗಳು ಹಲ್ಲಿಲ್ಲದ ಮುದುಕನ ಕೆನ್ನೆಯಂತೆ ಒಳಕ್ಕೆ ಸೇದಿಕೊಂಡಿದ್ದವು. ಮುಚ್ಚಳದ ಗಾಳಿ ತಿರುಪನ್ನು ಎರಡು ಸುತ್ತು ಸಡಿಲಿಸಿದ. ಡಬ್ಬ ನಿಟ್ಟುಸಿರಿಟ್ಟು ಉಬ್ಬಿಕೊಂಡಿತು.

"ನೋಡು. ಗಾಳಿ ಒಳಗೆ ಹೋಗದಿದ್ರೆ ಪೆಟ್ರೋಲು ಹೊರಗೆ ಹೆಂಗ್ ಬರ್ಬೇಕು? ಇದನ್ನ ಬಿಗಿದಿಟ್ಟೋನು ಶುದ್ಧ ಬೆಪ್ಪುತಕ್ಕಡಿ."

ಹೆನ್ನಿಂಗ್ ಬಗ್ಗಿ ನೋಡಿದ. "ಅಲ್ಲೊಂದು ತಿರುಪಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಗೊತ್ತಿಲ್ಲದವನು ಬಿಗಿಯುವುದು ಹೇಗೆ? ಇಬ್ಬನಿಯ ನೀರು ಡಬ್ಬದೊಳಕ್ಕೆ ಇಳಿಯದಿರಲೆಂದು, ದೋಣಿ ಕಟ್ಟಿದ ಕೂಡಲೇ ಆ ತಿರುಪನ್ನು ಬಿಗಿಯುವುದು ಈ ದ್ವೀಪದವರ ಕೈರೂಢಿ. ನಿನ್ನೆ ಬಲೆ ಎತ್ತಲು ದೋಣಿಯನ್ನು ಕೇಳಿ ಒಯ್ದು, ಸಂಜೆ ತಂದು ಕಟ್ಟಿದವನು ಒಡ್ವಾರ್.

"ಹಾಗಾದ್ರೆ ಬಿಗಿದೋರು ಯಾರು?" ಎಂದ ಹೆನ್ನಿಂಗ್.

ಒಡ್ವಾರ್ ಮೋಟಾರಿನ ಹಗ್ಗ ಎಳೆದ. ಅದು ಪೂರ್ತಿ ಗಂಟಲು ಬಿಚ್ಚಿ ಮೊರೆಯಿತು. ಹೆನ್ನಿಂಗ್ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದುದು ತುಟಿಗಳಲ್ಲಿ ಕಾಣುತ್ತಿತ್ತು. ಒಡ್ವಾರ್ ಇನ್ನಷ್ಟು ವೇಗ ಕೊಟ್ಟ.