ಹಲ್ಲುನೋವು

"ಕಾಪರ್-ಟಿ ಹಾಕಿಸೋದಕ್ಕೆ ಇನ್ಶೂರೆನ್ಸ್ ಇದೆಯಮ್ಮ. ಆದ್ರೆ ಕಾರ್ಡು ನಿಮ್ಮ ಯಜಮಾನ್ರ ಹೆಸರಲ್ಲಿದೆ. ವಿವರ, ಒಟಿಪಿ ಎಲ್ಲಾ ಅವರ ಮೊಬೈಲಿಗೇ ಹೋಗಿದೆ. ಕೇಳಿ ಹೇಳಿ," ಎಂದಳು ಆಸ್ಪತ್ರೆಯ ಕೌಂಟರಿನ ಹುಡುಗಿ.

ಚಂದ್ರಕಲಾ ಹಲ್ಲುನೋವೆಂದು ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದಳು. ಮೂರು ಹೆಣ್ಣಾದ ಮೇಲೂ ಗಂಡನಿಗೆ ಗಂಡುಮಗುವೇ ಬೇಕಿತ್ತು. ಅತ್ತೆಯಂತೂ ಅದಕ್ಕೆಂದೇ ಹರಕೆ ಹೊತ್ತಿದ್ದಳು.

ಗಂಡನ ಮೊಬೈಲಿಗೆ ಫೋನು ಮಾಡಿದಳು. ಎತ್ತಿದವಳು ಅತ್ತೆ.

"ಅವ್ನು ಸ್ನಾನಕ್ಕೆ ಹೋಗವ್ನೆ."

"ಅತ್ತೆ, ಈಗೊಂದು ಮೆಸೇಜು ಬಂದಿರುತ್ತೆ. ಹಲ್ಲಿನ ಡಾಕ್ಟ್ರು ಅದರ ನಂಬರ್ ಕೇಳ್ತಾವ್ರೆ."

ಅತ್ತೆ ಒಂದೊಂದೇ ಅಂಕಿ ಓದಿ ಹೇಳಿದಳು. ಆಮೇಲೆ ಮೆಸೇಜಿನ ಉಳಿದದ್ದನ್ನೂ ಮೆಲ್ಲಗೆ ಓದಿಕೊಂಡಳು.

"ಇದ್ರಲ್ಲಿ ಹಲ್ಲು ಅಂತ ಬರ್ದಿಲ್ಲ ಕಣವ್ವಾ," ಎಂದಳು. "ಅಳಿಸೋದು ಹೆಂಗೆ ಹೇಳು, ಅವ್ನು ಈಚೆ ಬರೋದ್ರೊಳಗೆ."