ಕಣ್ಣು ಹೊಡೆದ ಲೈಟು

ಘಟಪ್ರಭಾ ದಾಟಿ ಸ್ವಲ್ಪ ದೂರದಲ್ಲೇ ರಸ್ತೆಯುಬ್ಬಿನ ಮೇಲೆ ಕಾರು ಎಗರಿತು. ಕೆಳಗಿಳಿದದ್ದು ಬೇರೆಯೇ ಕಾರು. ಮೈಯೆಲ್ಲ ನಡುಕ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮು. ಸ್ಟೇರಿಂಗಿನ ಹಿಂದೆ ಎಂಜಿನ್ನಿನ ಹಳದಿ ಲೈಟು ಹೊತ್ತಿತು. ಹೊತ್ತಿ ಸುಮ್ಮನಿರಲಿಲ್ಲ, ಕಣ್ಣು ಹೊಡೆಯತೊಡಗಿತು.

"ಏನಾತ್ರಿ?" ಎಂದಳು ದಾಕ್ಷಾಯಿಣಿ.

"ಎಂಜಿನ್ ಮಿಸ್ ಹೊಡಿಯಾಕತ್ತೈತಿ," ಎಂದ ಗುರುರಾಜ. "ಲೈಟ್ ಸುಮ್ಮನ ಉರದ್ರ ಹೆಂಗರ ಹೋಗಬಹುದು. ಕಣ್ಣ ಹೊಡದ್ರ ನಿಂದರಸಾಕಬೇಕು."

"ಯಾರ ಕಣ್ಣ ಹೊಡದ್ರೂ ನಿಂದರಸ್ತೀರಿ ಬಿಡ್ರಿ ನೀವು."

ಬೇವಿನ ಮರದ ನೆರಳಿಗೆ ಕಾರು ತೆವಳಿತು. ಎಂಜಿನ್ನೂ ಮಿಸ್ಸು, ಹುಕ್ಕೇರಿಯ ಕಾರ್ಯಕ್ರಮವೂ ಮಿಸ್ಸು, ಪಕ್ಕದಲ್ಲಿ ಮಿಸೆಸ್ಸು ಎಂಬ ಜೋಕು ಗುರುರಾಜನ ನಾಲಿಗೆಯ ತುದಿಗೆ ಬಂದು, ಮಿಸೆಸ್ಸಿನ ಮುಖ ನೋಡಿ ಮರಳಿ ಹೋಯಿತು.

ಗುರುರಾಜ ಗೋಕಾಕದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾನೆ, ಬಿಡುವಿನಲ್ಲಿ ಮಿಮಿಕ್ರಿ ಮಾಡುತ್ತಾನೆ. ಎರಡರಲ್ಲೂ ಹಿಂದಿನ ಸಾಲು ನಿದ್ದೆ ಮಾಡುತ್ತದೆ. ಹೋದ ಸಲ ಮೂಡಲಗಿಯ ವೇದಿಕೆಯಲ್ಲಿ ಹುಂಜ, ಕಂಡಕ್ಟರ್, ಪ್ರಿನ್ಸಿಪಾಲ್ ಎಲ್ಲರನ್ನೂ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದ್ದರು: "ಮಿಮಿಕ್ರಿ ಯಾವಾಗ ಸುರು ಆಕ್ಕೈತ್ರಿ?"

ಇವತ್ತು ಹುಕ್ಕೇರಿಯಲ್ಲಿ ದಾಕ್ಷಾಯಿಣಿಯ ತಮ್ಮ ಸೂರಜನ ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆ. ಆಮಂತ್ರಣದಲ್ಲಿ 'ಹಾಸ್ಯರತ್ನ ಗುರುರಾಜ ಅವರಿಂದ ಮಿಮಿಕ್ರಿ' ಎಂದು ಅಚ್ಚಾಗಿತ್ತು. ರತ್ನವನ್ನು ಸೇರಿಸಿದವನು ಅವನೇ. ಮೂಡಲಗಿಯಲ್ಲಿ ಹೋದ ಮಾನವನ್ನು ಹುಕ್ಕೇರಿಯಿಂದ ತರುತ್ತೇನೆ ಎಂದು ಸ್ಟಾಫ್ ರೂಮಿನ ತುಂಬ ಸಾರಿದ್ದ. ಮಾವನವರ ಎದುರೇ ಮಾವನವರ ಭಾಷಣ, ಕೆಮ್ಮಿನ ಸಮೇತ. ಇದು ಮುಖ್ಯ ಐಟಂ. ದಾಕ್ಷಾಯಿಣಿ, "ಮಾಡ್ರಿ, ಮಾಡ್ರಿ. ನಮ್ಮ ಮಂದೀನೂ ಒಮ್ಮೆ ನೋಡ್ಲಿ," ಎಂದು ನಕ್ಕಿದ್ದಳು. ಆಡಿದ ಮಾತಿಗೆ ರಿವರ್ಸ್ ಗೇರು ಇರಲಿಲ್ಲ.

ಮೊಬೈಲಿಗೆ ಜೋಡಿಸುವ ಪುಟ್ಟ ಸ್ಕ್ಯಾನರನ್ನು ಗುರುರಾಜ ಸ್ಟೇರಿಂಗಿನ ಕೆಳಗೆ ಚುಚ್ಚಿದ. ಪರದೆಯ ಮೇಲೆ ಮೊದಲ ಸಾಲು ಬಂತು: ಮೂರನೇ ಸಿಲಿಂಡರ್ ಮಿಸ್. ಅವನು ತಲೆಯಾಡಿಸಿದ. ಇನ್ನೊಂದು ಸಾಲು ಬಂತು: ಎರಡನೇ ಸಿಲಿಂಡರ್ ಮಿಸ್. ಅವನ ಹಣೆ ಬೆವರಿತು.

"ಎರಡೆರಡ ಸಿಲಿಂಡರ್ ಹೋಗ್ಯಾವು!"

"ಎರಡೆರಡ?" ದಾಕ್ಷಾಯಿಣಿ ನೆಟ್ಟಗೆ ಕುಳಿತಳು. "ಅದ್ಹೆಂಗ್ರಿ?"

ಅದನ್ನೇ ಅವನೂ ಯೋಚಿಸುತ್ತಿದ್ದ. ಒಂದೊಂದು ಸಿಲಿಂಡರಿಗೂ ಒಂದು ಪ್ಲಗ್ಗು, ಪ್ಲಗ್ಗಿನ ಮೇಲೊಂದು ಕಾಯಿಲ್ಲು, ಕಾಯಿಲ್ಲಿಗೊಂದು ವಾಯರಿನ ಸಾಕೆಟ್ಟು. ಎಲ್ಲೋ ಒಂದು ಕಡೆ ಕೈಕೊಟ್ಟರೆ ಕಿಡಿ ಹತ್ತುವುದಿಲ್ಲ. ಮೂಡಲಗಿಯಿಂದ ಮರಳುವಾಗಲೂ ಹೀಗೇ ಆಗಿತ್ತು. ಅಂದು ಬಾನೆಟ್ ಎತ್ತಿ, ಒಂದೊಂದನ್ನೇ ಮುಟ್ಟಿ ತೋರಿಸಿ, ಹೆಂಡತಿಗೆ ಇದೇ ಪಾಠ ಮಾಡಿದ್ದ. ಅವಳು ಆಕಳಿಸುತ್ತ ಕೇಳಿದ್ದಳು. ತನ್ನ ಪಾಠ ಯಾರ ತಲೆಗೂ ಹೋಗುವುದಿಲ್ಲ ಎಂಬುದರಲ್ಲಿ ಅವನಿಗೆ ಎಂದೂ ಅನುಮಾನವಿರಲಿಲ್ಲ.

ಬಾನೆಟ್ ಎತ್ತಿದ. ಎಂಜಿನ್ ಮೇಲೆ ಮೂರೆಳೆ ವಿಭೂತಿ ಬೆಳ್ಳಗೆ ನಗುತ್ತಿತ್ತು. ಊರು ಬಿಡುವ ಮುನ್ನ ಎಂಜಿನ್ನಿಗೆ ವಿಭೂತಿ ಹಚ್ಚುವುದು ದಾಕ್ಷಾಯಿಣಿಯ ತವರಿನ ಪದ್ಧತಿ. ಅವಳಪ್ಪ ಬಾವಿಯ ಮೋಟರಿಗೂ ಹಚ್ಚುತ್ತಾರೆ. ಇವತ್ತು ಸ್ವಲ್ಪ ಹೆಚ್ಚು ಹೊತ್ತೇ ಪೂಜೆ ನಡೆದಿತ್ತು.

"ಕಾಯಿಲ್ ಸುಟ್ಟಂಗ ಕಾಣತೈತಿ," ಎಂದ, ಒಳಗೆ ಕೈ ಹಾಕದೆ. "ಇಲ್ಲೇ ಆಗೂ ಕೆಲಸ ಅಲ್ಲ ಇದು."

"ಅಯ್ಯ ಶಿವನ! ಅಂದ್ರ ಹುಕ್ಕೇರಿಗೆ ಹೋಗಾಕ ಆಗಂಗಿಲ್ಲೇನ್ರಿ?"

"ಏನ್ ಮಾಡೂದು? ನನ್ನ ನಸೀಬದಾಗ ಆ ಸ್ಟೇಜ್ ಇಲ್ಲ."

ಆಡು ತುಂಬಿದ ಟೆಂಪೋ ಒಂದು ಬಂದು ನಿಂತಿತು. ನಾಗನೂರಿನ ಪರಿಚಯದ ಖಂಡೆಪ್ಪ ತಲೆ ಹೊರಹಾಕಿದ. "ಏನ್ರಿ ಸರ, ಗಾಡಿ ಮಕ್ಕೊಂಡೈತಿ? ನಾ ಹುಕ್ಕೇರಿಗೇ ಹೊಂಟೇನಿ. ಇಬ್ಬರೂ ಹತ್ರಿ."

"ಬ್ಯಾಡ್ರಿ ಕಾಕಾ!"

ಗಂಡ ಹೆಂಡತಿ ಒಂದೇ ಉಸಿರಿನಲ್ಲಿ ಹೇಳಿದ್ದರು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

"ಸೀರಿಗೆ ಆಡಿನ ವಾಸನಿ ಹತ್ತತೈತಿ," ಎಂದಳು ಅವಳು.

"ಗಾಡಿ ಬಿಟ್ಟ ಹೆಂಗ ಬರೂದು?" ಎಂದ ಅವನು.

ಹೋಗುತ್ತ ಹೋಗುತ್ತ ಒಂದು ಆಡು ಮ್ಯಾ ಎಂದಿತು. ಗುರುರಾಜನ ಮಿಮಿಕ್ರಿಯ 'ಮ್ಯಾ'ಗಿಂತ ಅದು ಚೆನ್ನಾಗಿತ್ತು.

ಆಗ ಫೋನು ಬಂತು. ಮೊದಲು ಕೆಮ್ಮು, ಆಮೇಲೆ ಮಾವ ಶಿದ್ಲಿಂಗಪ್ಪ. "ಅಳ್ಯಾರ, ಎಲ್ಲಿದೀರಿ?" ಗುರುರಾಜ ಕಾರಿನ ದುಃಖ ತೋಡಿಕೊಂಡ.

"ಅಷ್ಟ ಹೌದಲ್ಲ? ಹೆದರಬ್ಯಾಡ್ರಿ. ಸೂರಜ ಬೀಗರನ್ನ ಕರಕೊಂಡ ಬರಾಕ ಘಟಪ್ರಭಾಕ್ಕ ಬಂದಾನ, ಜೋಡಿ ಶೋರೂಮಿನ ಮೆಕ್ಯಾನಿಕ್ಕೂ ಅದಾನ. ಈಗ ಬಂದಬಿಡ್ತಾರ. ಬಾನೆಟ್ ತಗದ ನೋಡಿದ್ರ ಏನಾಗೇತಿ, ಹೆಂಗಾಗೇತಿ, ಎಲ್ಲಾ ಗೊತ್ತಾಕ್ಕೈತಿ. ನೀವು ಬರೂತನಕ ರಿಬ್ಬನ್ ಕತ್ತರಸಂಗಿಲ್ಲ."

ಸ್ಪೀಕರ್ ಆನ್ ಇತ್ತು. ಎಲ್ಲಾ ಗೊತ್ತಾಗುತ್ತದೆ ಎಂಬ ಮಾತು ಇಬ್ಬರಿಗೂ ಕೇಳಿಸಿತು.

ಗುರುರಾಜ ಬಾನೆಟ್ಟಿನ ಕಡೆ ಓಡಿದ. ಆ ಕಡೆಯ ಬಾಗಿಲಿನಿಂದ ದಾಕ್ಷಾಯಿಣಿ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಓಡಿ ಬಂದಳು.

"ನೀ ಯಾಕ ಬಂದಿ? ಸೀರಿಗೆ ಗ್ರೀಸ್ ಹತ್ತತೈತಿ."

"ಹತ್ತಲಿ. ನೀವು ಅತ್ಲಾಗ ಸರೀರಿ."

ಸರಿಯಲು ಹೊತ್ತಿರಲಿಲ್ಲ. ಅವನ ಕೈ ನೆಟ್ಟಗೆ ಮೂರನೇ ಕಾಯಿಲ್ಲಿಗೆ ಹೋಯಿತು. ಬೆಳಗ್ಗೆ ಅವಳು ಜಳಕಕ್ಕೆ ಹೋದಾಗ ತಾನೇ ಲಾಕು ತೆಗೆದು ಸಡಿಲಿಸಿದ್ದ ಸಾಕೆಟ್ಟನ್ನು ಒತ್ತಿ ಕೂರಿಸಿದ. ಟಕ್.

ಟಕ್.

ಇದು ಅವನ ಸದ್ದಲ್ಲ. ಎರಡನೇ ಕಾಯಿಲ್ಲಿನ ಮೇಲೆ ಬಳೆ ತೊಟ್ಟ ಕೈಯೊಂದಿತ್ತು. ಅದರ ಸಾಕೆಟ್ಟಿನ ಎರಡೂ ಬದಿಗೆ, ಹಿಡಿದು ಎಳೆಯುವ ಜಾಗದಲ್ಲೇ, ವಿಭೂತಿಯ ಬೆರಳಚ್ಚು.

"ಮೂರನೇದು ನೀವ ಬಿಚ್ಚಿರ್ತೀರಿ ಅಂತ ಗೊತ್ತಿದ್ರ," ಎಂದಳು ದಾಕ್ಷಾಯಿಣಿ, "ನಾ ಎರಡನೇದಕ್ಕ ಕೈ ಹಚ್ಚತಿದ್ದಿಲ್ಲರಿ."